ನಕ್ಷೇಲಿ ನಮ್ಮೂರ ದೇವರಬನ ‘ಡಿಗ್ರೇಡೆಡ್ ಪ್ಯಾಚ್’ ಅಂತೆ, ಏನ್ ಮಾಡೋದು?

ಕಾಫಿಕಣ_ಮೂಡಿಗೆರೆ
ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಇದೆ, ತಾಳ್ಮೆ ಇದ್ರೆ ಓದಿ. ಹೋದ ವಾರ ನಮ್ ಪಂಚಾಯ್ತಿಗೆ ಒಂದು ಸಂಸ್ಥೆಯವ್ರು ಬಂದಿದ್ರು, ಪ್ರೊಜೆಕ್ಟರ್ ಎಲ್ಲ ತಗೊಂಡು. ಆನೆ ಓಡಾಡೋ ದಾರಿ, ಹಳ್ಳದ ಅಂಚು, ಶೋಲಾ ಕಾಡು, ಮಧ್ಯದ ಎಸ್ಟೇಟು ಎಲ್ಲಾ ಸೇರ್ಸಿ ಸುತ್ತಲಿನ ಊರುಗಳಿಗೆಲ್ಲ ಒಂದೇ ಸಂರಕ್ಷಣಾ ಪ್ಲಾನ್ ಮಾಡ್ತಿದೀವಿ, ನೀವೂ ಏನಾದ್ರೂ ಹೇಳೋದಿದ್ರೆ ಹೇಳಿ ಅಂದ್ರು. ಒಳ್ಳೇದೇ ಅನ್ನಿಸ್ತು, ನಿಜವಾಗ್ಲೂ. ನಕ್ಷೆ ಹಾಕಿದ್ರು, ಬಣ್ಣಬಣ್ಣದ್ದು, ನಾನು ಸುಮ್ನೆ ನಮ್ಮೂರು ಎಲ್ಲಿದೆ ಅಂತ ಹುಡುಕ್ದೆ. ಹುಲಿದೇವರ ಬನ ಇರೋ ಜಾಗಕ್ಕೆ ತಿಳಿಹಳದಿ ಬಣ್ಣ, ‘ಡಿಗ್ರೇಡೆಡ್ ಪ್ಯಾಚ್’ ಅಂತ ಬರ್ದಿದೆ, ಅಂದ್ರೆ ಹಾಳಾದ ಕಾಡಿನ ತುಂಡು. ಅದರ ಮೇಲಿರೋ ಬೋಳುಗುಡ್ಡ, ನಮ್ಮಜ್ಜನ ಕಾಲದಿಂದ ದನ ಮೇಯೋ ಗೋಮಾಳ, ಅದು ‘ವೇಸ್ಟ್‌ಲ್ಯಾಂಡ್’. ಸುಗ್ಗಿ ಕಟ್ಟೆ ಇಲ್ವೇ ಇಲ್ಲ. ದೇವ್ರು ಹೊತ್ಕೊಂಡು ಹೋಗೋ ದಾರಿ ಇಲ್ಲ.

ಕೇಳ್ದೆ. ಆ ಹುಡುಗ ಪಾಪ ಮರ್ಯಾದೆಯಿಂದ್ಲೇ ಹೇಳ್ದ, ಸರ್ ನಮ್ದು ಹ್ಯಾಬಿಟಾಟ್ ಮಾತ್ರ, ಕಲ್ಚರ್ ಅಂದ್ರೆ ಬೇರೆ ಡಿಪಾರ್ಟ್‌ಮೆಂಟು, ಅಂತ.

ನಂಗೆ ತಲೇಲಿ ಕೂತಿರೋದು ಇದು. ಆ ಎರಡು ಎಕರೆ ಬನ ಇವತ್ತಿಗೂ ಯಾಕಿದೆ? ಸುತ್ತ ನಾಲ್ಕೂ ಕಡೆ ಕಾಫಿ, ಸಿಲ್ವರ್ ಓಕು. ಬನದಲ್ಲಿ ಒಣಗಿದ ಕಡ್ಡಿ ತಂದ್ರೂ ಮನೇಲಿ ಅಜ್ಜಿ ಬಯ್ಯೋರು. ಸುಗ್ಗಿ ಹಬ್ಬಕ್ಕೆ ಸಾರು ಹಾಕಿದ್ರು, ಅಂದ್ರೆ ಊರಿಗೆಲ್ಲ ಸಾರಿದ್ರು ಅಂದ್ರೆ ಮುಗೀತು, ಹಬ್ಬ ಮುಗಿಯೋ ತನಕ ಊರಲ್ಲಿ ಯಾರೂ ಹಸಿ ಮರಕ್ಕೆ ಕತ್ತಿ ಹಾಕಂಗಿಲ್ಲ, ಒಗ್ಗರಣೆ ಹಾಕಂಗಿಲ್ಲ, ಚಪ್ಪಲಿ ಹಾಕಂಗಿಲ್ಲ. ಬನ ಉಳ್ಸಿದ್ದು ಈ ಕಟ್ಟುಪಾಡು. ಪ್ಲಾನಲ್ಲಿ ಮರ ಇದೆ ಮರ ಉಳ್ಸಿದ್ದು ಇಲ್ಲ, ಹಾಗಾದ್ರೆ ಅದೆಂಥ ಪ್ಲಾನು ಮಾರಾಯ್ರೆ? ಮುಂದಿನ ಮೀಟಿಂಗ್ ಒಳಗೆ ಬರವಣಿಗೇಲಿ ಕೊಡಿ ಅಂದಿದಾರೆ. ಏನಂತ ಕೊಡ್ಲಿ?

ಘಾಟ್_ಸಕಲೇಶಪುರ
ನನ್ ಸಲಹೆ, ಏನೂ ಕೊಡ್ಬೇಡಿ. ಬಾಯಿ ಮುಚ್ಕೊಂಡು ಟೀ ಕುಡ್ದು ಬನ್ನಿ. ಮೀಸಲು ಅರಣ್ಯ ಮಾಡ್ತೀವಿ ಅನ್ನೋ ಸೆಕ್ಷನ್ 4 ನೋಡಿದೀವಿ, ಕಾಡಿನ ಹಾಗಿದೆ ಅಂತ ಕಾಡಿನ ಲೆಕ್ಕಕ್ಕೆ ಹಾಕೋ ಡೀಮ್ಡ್ ಫಾರೆಸ್ಟ್ ನೋಡಿದೀವಿ, ಕಸ್ತೂರಿರಂಗನ್ ನೋಡಿದೀವಿ. ಪ್ರತಿಸಲ ಯಾರೋ ನಕ್ಷೆ ತಂದಿದಾರೆ, ಪ್ರತಿಸಲ ನಮ್ ಸರ್ವೆ ನಂಬರ್ ಅದರೊಳಗೆ ಹೋಗಿದೆ, ಆಚೆ ಬರೋಕೆ ಹತ್ತು ವರ್ಷ ಆಫೀಸು ಅಲ್ದಿದೀವಿ. ಇವತ್ತು ಬನ ಅಂತ ಗುರುತು ಹಾಕ್ತೀರಿ, ನಾಳೆ ಬನದ ಸುತ್ತ ಬಫರ್ ಅಂತಾರೆ, ನಿಮ್ ಕಣವೇ ಬಫರ್ ಒಳಗಿರುತ್ತೆ.

ಚಂದ್ರದ್ರೋಣ
@ಘಾಟ್_ಸಕಲೇಶಪುರ ನಿಮ್ ಭಯ ಸುಳ್ಳಲ್ಲ, ಆದ್ರೆ ಬಾಯಿ ಮುಚ್ಕೊಂಡಿದ್ದಕ್ಕೇ ಹಿಂಗಾಯ್ತು ಅನ್ನೋದೂ ಇದೆ. ಪಶ್ಚಿಮ ಘಟ್ಟದ ಬಗ್ಗೆ ಕೇಂದ್ರದ ಕಸ್ತೂರಿರಂಗನ್ ಸಮಿತಿ ವರದಿ (2013) ನೆನಪಿಸ್ಕೊಳ್ಳಿ. ಅವ್ರು ಸ್ಯಾಟಲೈಟ್ ಚಿತ್ರ ಇಟ್ಕೊಂಡು ಇಡೀ ಪಶ್ಚಿಮ ಘಟ್ಟನ ಎರಡು ಭಾಗ ಮಾಡಿದ್ರು, ಒಂದು ನೈಸರ್ಗಿಕ ಭೂದೃಶ್ಯ, ಇನ್ನೊಂದು ಸಾಂಸ್ಕೃತಿಕ ಭೂದೃಶ್ಯ. ಎರಡನೇದು ಹತ್ತತ್ರ ಶೇ. 60. ಕೇಳೋಕೆ ಚೆಂದ ಇದೆ ಅಲ್ವಾ? ಆದ್ರೆ ಅವರ ಲೆಕ್ಕದಲ್ಲಿ ಸಾಂಸ್ಕೃತಿಕ ಅಂದ್ರೆ ಊರು, ಗದ್ದೆ, ತೋಟ, ಅಂದ್ರೆ ಕಾಡು ತೆಗೆದ್ಮೇಲೆ ಉಳಿದಿದ್ದು. ಸೂಕ್ಷ್ಮ ಪ್ರದೇಶ ಅಂತ ಗುರುತಿಸಿದ್ದು ಸುಮಾರು 60 ಸಾವಿರ ಚದರ ಕಿಲೋಮೀಟರು, ಅದು ಹೆಚ್ಚುಕಮ್ಮಿ ನೈಸರ್ಗಿಕ ಭಾಗದಿಂದ. ಒಂದು ಊರಲ್ಲಿ ಶೇ. 20ಕ್ಕಿಂತ ಹೆಚ್ಚು ಅಂಥ ಜಾಗ ಇದ್ರೆ ಇಡೀ ಊರು ಒಳಗೆ, ಇಲ್ದಿದ್ರೆ ಇಡೀ ಊರು ಹೊರಗೆ.

ಈಗ ಕಾಫಿಕಣದವರ ಬನ ಯಾವ್ ಕಡೆ? ಎರಡು ಎಕರೆ ಬನ ಆಕಾಶದಿಂದ ನೋಡಿದ್ರೆ ತೋಟದ ಜೊತೆ ಸೇರ್ಕೊಂಡಿರುತ್ತೆ. ನೈಸರ್ಗಿಕ ಅನ್ನೋಕೆ ಸಣ್ಣದು, ಸಾಂಸ್ಕೃತಿಕ ಅನ್ನೋ ಕಡೆ ಸಂಸ್ಕೃತಿ ಬಗ್ಗೆ ಯಾರೂ ಕೇಳೇ ಇಲ್ಲ. ಕೊನೆಗೆ ಏನಾಯ್ತು ಅಂದ್ರೆ ಕರಡು ಅಧಿಸೂಚನೆ ಮೇಲೆ ಕರಡು, 2024 ಜುಲೈಗೆ ಆರನೇದು, ಸೆಪ್ಟೆಂಬರಲ್ಲಿ ನಮ್ ರಾಜ್ಯ ಸಂಪುಟ ವರದೀನೇ ಬೇಡ ಅಂತು. ಊರಿನವರ ಕಣ್ಣಿಂದ ನಕ್ಷೆ ಬರೀದಿದ್ರೆ ಊರಿನವ್ರು ಅದನ್ನ ತಿಪ್ಪೆಗೆ ಹಾಕ್ತಾರೆ, ಅಷ್ಟೇ.

ಬೇಲೂರು_ಬಸ್‌ಸ್ಟ್ಯಾಂಡ್
ನಮ್ ಎರಡು ಜಿಲ್ಲೆದು ಇನ್ನೂ ತಮಾಷೆ. 2012ರಲ್ಲಿ ಪಶ್ಚಿಮ ಘಟ್ಟ ಯುನೆಸ್ಕೊ ಪಟ್ಟಿಗೆ ಹೋಯ್ತು, 39 ತಾಣ, ಅದರಲ್ಲಿ ಕುದುರೆಮುಖ ಒಂದು. ಅದು ನೈಸರ್ಗಿಕ ಪರಂಪರೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಹೋಯ್ತು. ಅದು ಸಾಂಸ್ಕೃತಿಕ. ಎರಡಕ್ಕೂ ಮಧ್ಯ ಬಸ್ಸಲ್ಲಿ ಒಂದು ಮಧ್ಯಾಹ್ನದ ದಾರಿ, ಆದ್ರೆ ಒಂದು ಫೈಲಿಗೆ ಇನ್ನೊಂದರ ಪರಿಚಯ ಇಲ್ಲ.

ಹೊಯ್ಸಳರ ಕತೆ ಶುರುವಾಗೋದೇ ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ, ಹಳೇ ಹೆಸರು ಸೊಸೆವೂರು. ಕಾಡು, ವಾಸಂತಿಕಾ ದೇವಿ ಗುಡಿ, ಗುರು, ಹುಲಿ, ‘ಹೊಯ್ ಸಳ’. ಬೇಲೂರಿನ ಬಾಗಿಲಲ್ಲಿ ಸಳ ಹುಲಿ ಜೊತೆ ಸೆಣಸ್ತಾ ಇದಾನೆ, ಎಲ್ರೂ ಸೆಲ್ಫಿ ತಗೋತಾರೆ. ಕಲ್ಲಿನ ಹುಲಿ ಒಂದು ಇಲಾಖೆ, ಜೀವ ಇರೋ ಹುಲಿ ಇನ್ನೊಂದು ಇಲಾಖೆ 😀

ಸೀರಿಯಸ್ಸಾಗಿ ಹೇಳ್ತೀನಿ, ಹಳೇಬೀಡಿಗೆ ದ್ವಾರಸಮುದ್ರ ಅಂತ ಹೆಸರು ಬಂದಿದ್ದು ಕೆರೆಯಿಂದ. ಹೊಯ್ಸಳೇಶ್ವರದ ಪಕ್ಕಾನೇ ಕೆರೆ, ಹುಲಿಕೆರೆ ಹತ್ರ ಆ ಕಲ್ಯಾಣಿ. ನೀರಿನ ಲೆಕ್ಕ ಹಾಕಿ ಊರು ಕಟ್ಟಿದ್ರು. ಈಗ ಕಾಯ್ದೆ ಏನ್ ಹೇಳುತ್ತೆ? ಸ್ಮಾರಕದಿಂದ 100 ಮೀಟರ್ ನಿಷೇಧ, ಆಮೇಲೆ 200 ಮೀಟರ್ ನಿಯಂತ್ರಣ. ಟೇಪ್ ಹಿಡಿದು ಅಳೀತಾರೆ, ಮನೆ ಮೇಲೆ ಒಂದು ರೂಮ್ ಕಟ್ಟೋಕೂ ಪರದಾಟ. ಆದ್ರೆ ಕೆರೆಗೆ ನೀರು ಬರೋ ಕಾಲುವೆ ಎರಡು ಮೈಲಿ ದೂರದಲ್ಲಿ ಮುಚ್ಚಿ ಹೋದ್ರೆ ಆ ಟೇಪು ಅಲ್ಲಿಗೆ ಮುಟ್ಟಲ್ಲ.

ಕಾವಲು_ಹುಡ್ಗ
ಬಯಲುಸೀಮೆಯವರು ಮಾತಾಡಬೋದಾ ಇಲ್ಲಿ? ಕಡೂರು ಕಡೆಯವನು ನಾನು. ನೀವೆಲ್ಲ ಕಾಡು ಕಾಡು ಅಂತೀರಿ, ನಮ್ ಕಡೆ ಹುಲ್ಲು.

ಅಮೃತ ಮಹಲ್ ಕಾವಲು ಗೊತ್ತಲ್ಲ, ದನ ಮೇಯೋಕೆ ಬಿಟ್ಟ ಹುಲ್ಲುಗಾವಲು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ, ಟಿಪ್ಪು ಕಾಲದಲ್ಲಿ ಅಮೃತ ಮಹಲ್ ಅಂತ ಹೆಸರಾಯ್ತು. ಸೈನ್ಯದ ಫಿರಂಗಿ ಎಳೆಯೋ ಎತ್ತಿಗೆ ಮೇವು ಬೇಕು, ಅದಕ್ಕೆ ಕಾವಲು ಬಿಟ್ಟಿದ್ದು. ಹಾಸನ, ಚಿಕ್ಕಮಗಳೂರು, ತುಮಕೂರು, ಚಿತ್ರದುರ್ಗ ಎಲ್ಲ ಕಡೆ ಹರಡ್ಕೊಂಡಿತ್ತು. ಬೇಸಿಗೆಗೆ ಒಂದು ಕಾವಲು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು. ದನ ಒಂದೇ ಕಡೆ ನಿಲ್ತಿರಲಿಲ್ಲ, ಹುಲ್ಲಿಗೆ ಉಸಿರಾಡೋಕೆ ಟೈಮ್ ಸಿಗ್ತಿತ್ತು. ಇವತ್ತು ದೊಡ್ಡ ದೊಡ್ಡ ಪದ ಹಾಕಿ ರೊಟೇಶನಲ್ ಗ್ರೇಜಿಂಗ್ ಅಂತಾರಲ್ಲ, ಅದೇ. ಅಜ್ಜಂಪುರದಲ್ಲಿ ತಳಿ ಕೇಂದ್ರ ಈಗ್ಲೂ ಇದೆ.

ಆ ಹುಲ್ಲಿಗೆ ಬಂದಿದ್ದು ಕೃಷ್ಣಮೃಗ, ತೋಳ. ಬಾಸೂರು ಕಾವಲನ್ನ 2011ರಲ್ಲಿ ಸಂರಕ್ಷಣಾ ಮೀಸಲು ಮಾಡಿದ್ರು, 736 ಹೆಕ್ಟೇರು, ಅಂದ್ರೆ 1,800 ಎಕರೆ ಚಿಲ್ಲರೆ. ಯಾಕೆ? ಕೃಷ್ಣಮೃಗಕ್ಕೆ. ಕೃಷ್ಣಮೃಗ ಯಾಕಿತ್ತು? ದನಕ್ಕೆ ಅಂತ ಬಿಟ್ಟ ಹುಲ್ಲಿತ್ತು ಅದಕ್ಕೆ. ಮೊದಲು ಬಂದಿದ್ದು ದನ, ದನದ ಹಿಂದೆ ಕಾವಲಿನವನು, ಅವನ ಲೆಕ್ಕಾಚಾರ. ಮತ್ತೆ ಕಾವಲು ಅನ್ನೋದು ಹೆಸರಲ್ಲೇ ಇದೆ ಗುರು, ಯಾರೋ ಕಾಯ್ತಿದ್ರು ಅಂತ.

ಈ ವೇಸ್ಟ್‌ಲ್ಯಾಂಡ್ ಅನ್ನೋ ಪದ ಇದೆಯಲ್ಲ, ಅದು ನೋಡಿದ್ರೆ ಮೈ ಉರಿಯುತ್ತೆ. ಸರ್ಕಾರದ ಬಂಜರು ಭೂಮಿ ನಕ್ಷೇಲಿ ಹುಲ್ಲುಗಾವಲೂ ಬರುತ್ತೆ. ಬಂಜರು ಅಂತ ಬರೆದ ತಕ್ಷಣ ಏನಾಗುತ್ತೆ? ಒಬ್ಬ ನೀಲಗಿರಿ ನೆಡೋಣ ಅಂತಾನೆ, ಇನ್ನೊಬ್ಬ ಸೋಲಾರ್ ಹಾಕೋಣ ಅಂತಾನೆ, ಮೂರನೆಯವನು ಸೈಟ್ ಮಾಡೋಣ ಅಂತಾನೆ. ಪರಿಸರ ದಿನಾಚರಣೆಗೆ ಶಾಲೆ ಮಕ್ಕಳನ್ನ ಕರ್ಕೊಂಡು ಬಂದು ಹುಲ್ಲಲ್ಲಿ ಗುಂಡಿ ತೋಡಿ ಗಿಡ ನೆಟ್ಟಿದ್ದು ನಾನೇ ನೋಡಿದೀನಿ. ನಂಗೂ ಒಂದು ಗಿಡ ಕೊಟ್ಟಿದ್ರು ಆಗ, ಆರನೇ ಕ್ಲಾಸು. ಕಾಫಿಕಣದವರೇ, ನಿಮ್ ಬೋಳುಗುಡ್ಡಕ್ಕೆ ಮೊದಲು ಆ ಪದ ತೆಗೆಸಿ. ಬನಕ್ಕಿಂತ ಅದು ಅರ್ಜೆಂಟು.

ಘಾಟ್_ಸಕಲೇಶಪುರ
@ಕಾವಲು_ಹುಡ್ಗ ಇದು ಒಪ್ತೀನಿ. ನಮ್ ಕಡೇನೂ ಗುಡ್ಡದ ಹುಲ್ಲಲ್ಲಿ ಅಕೇಶಿಯಾ ಹಾಕಿ ಹಾಳು ಮಾಡಿದ್ರು.

ಲೈನ್‌ಮನೆ_ಮಗಳು
ಎಲ್ರೂ ಬನ ಬನ ಅಂತಿದೀರಿ, ಒಂದು ಮಾತು ಹೇಳ್ತೀನಿ, ಬೇಜಾರಾದ್ರೆ ಆಗ್ಲಿ. ನಮ್ಮಮ್ಮ ಮೂವತ್ತು ವರ್ಷ ಎಸ್ಟೇಟಲ್ಲಿ ಹಣ್ಣು ಕುಯ್ದಿದಾರೆ. ಆ ಊರ ಬನದ ಬೇಲಿ ದಾಟೋಕೆ ನಮ್ ಕೇರಿಯವ್ರಿಗೆ ಬಿಡ್ತಿರಲಿಲ್ಲ. ಸುಗ್ಗೀಲಿ ಡೋಲು ಬಾರಿಸೋಕೆ ನಮ್ ಮಾವ ಬೇಕು, ಪ್ರಸಾದ ಮಾತ್ರ ದೂರದಿಂದ. ನೀವು ಪ್ಲಾನಲ್ಲಿ ‘ಸಾಂಸ್ಕೃತಿಕ ಪರಂಪರೆ’ ಅಂತ ಬರೆಸಿದ್ರೆ ಆ ಬೇಲೀನೂ ಪರಂಪರೆ ಆಗುತ್ತಾ? ಅದಕ್ಕೂ ಸರ್ಕಾರದ ಸೀಲು ಬೀಳುತ್ತಾ?

ನಮ್ಮಮ್ಮನಿಗೆ ಯಾವ ಹಳ್ಳದಲ್ಲಿ ಯಾವ ತಿಂಗಳು ಏಡಿ ಸಿಗುತ್ತೆ, ಯಾವ ಮರದ ಬುಡದಲ್ಲಿ ಮೊದಲ ಗುಡುಗಿಗೆ ಅಣಬೆ ಏಳುತ್ತೆ, ಕಳಲೆ ಯಾವಾಗ ಮುರೀಬೇಕು ಯಾವಾಗ ಬಿಡ್ಬೇಕು, ಎಲ್ಲ ಗೊತ್ತು. ಅದು ಸಂಸ್ಕೃತಿ ಅಲ್ವಾ? ಮೀಟಿಂಗಿಗೆ ಅವರನ್ನ ಯಾರಾದ್ರೂ ಕರೆದ್ರಾ? ವಾರದ ದಿನ ಹನ್ನೊಂದು ಗಂಟೆಗೆ ಮೀಟಿಂಗ್ ಇಟ್ರೆ ಕೂಲಿ ಬಿಟ್ಟು ಯಾರು ಬರ್ತಾರೆ.

ಕಾಫಿಕಣ_ಮೂಡಿಗೆರೆ
ನಿಜ ಹೇಳ್ಬೇಕು ಅಂದ್ರೆ ನಮ್ ಮೀಟಿಂಗೂ ಬುಧವಾರ ಹನ್ನೊಂದಕ್ಕೇ ಇತ್ತು. ಇದ್ದಿದ್ದು ನಾವು ಹದಿನೈದು ಜನ ಪ್ಲಾಂಟರ್ಸು, ಸೆಕ್ರೆಟರಿ, ಇಬ್ಬರು ಮೆಂಬರ್ಸು. ಇದು ನಂಗೆ ಹೊಳೆದೇ ಇರಲಿಲ್ಲ.

ನಿವೃತ್ತ_ಮೇಷ್ಟ್ರು_ಹಾಸನ
ಲೈನ್‌ಮನೆ ಮಗಳ ಪ್ರಶ್ನೆಗೆ ಸುಲಭದ ಉತ್ತರ ಇಲ್ಲಮ್ಮ. ಆದ್ರೆ ಬೇರೆ ಕಡೆ ಇದನ್ನ ಹೇಗೆ ಮಾಡಿದಾರೆ ಅಂತ ಸ್ವಲ್ಪ ಹೇಳ್ತೀನಿ, ನಮ್ಮ ರಾಜ್ಯದಿಂದಾನೇ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ತಮ್ಮ ಕಾಡಿನ ಪವಿತ್ರ ಜಾಗಗಳನ್ನ ಒಂದೊಂದಾಗಿ ನಡ್ಕೊಂಡೇ ಗುರುತಿಸಿದ್ರು, ಸಂಶೋಧಕರು ಜಿಪಿಎಸ್ ಹಿಡಿದು ಹಿಂದೆ ಹೋದ್ರು. ಅವರ ಲೆಕ್ಕ ನೋಡಿ, ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ. ಅಬ್ಬಿ ಅಂದ್ರೆ ನೀರಿನ ಸೆಲೆ. ಕಲ್ಲುಗುಡಿ ಅಂದ್ರೆ ಸಮಾಧಿ ಜಾಗ. ಪ್ರತಿ ಕುಲದ್ದು ಒಂದು ಎಲ್ಲೆ, ಆ ಎಲ್ಲೆಯೊಳಗೆ ಇವೆಲ್ಲ ಇರ್ಬೇಕು. ಅಂದ್ರೆ ಅವರ ದೇವರ ಪಟ್ಟೀಲೇ ನೀರಿದೆ, ಸತ್ತವರೂ ಇದಾರೆ. 2011ರಲ್ಲಿ ಅಲ್ಲಿನ 25 ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆ (2006) ಪ್ರಕಾರ ಸಮುದಾಯ ಹಕ್ಕು ಸಿಕ್ತು. ಅದೂ ಹುಲಿ ಮೀಸಲಿನ ಒಳಗೆ. ಗುರುತು ಮಾಡಿದವರು ಯಾರು ಅನ್ನೋದು ಇಲ್ಲಿ ಮುಖ್ಯ. ಹೊರಗಿನವರು ಬಂದು ಇದು ಪವಿತ್ರ, ಇದು ಅಲ್ಲ ಅಂತ ಬರೀಲಿಲ್ಲ.

ಯುನೆಸ್ಕೊನೂ 1992ರಲ್ಲೇ ಸಾಂಸ್ಕೃತಿಕ ಭೂದೃಶ್ಯ ಅನ್ನೋ ವರ್ಗ ಒಪ್ಕೊಂಡಿದೆ. ಮೊದಲು ಸೇರಿದ್ದು ನ್ಯೂಜಿಲೆಂಡಿನ ಟೊಂಗರಿರೊ, 1993ರಲ್ಲಿ. ಅದು ಆಗಲೇ ನೈಸರ್ಗಿಕ ಪಟ್ಟೀಲಿತ್ತು, ಮಾವೊರಿ ಜನರಿಗೆ ಆ ಜ್ವಾಲಾಮುಖಿ ಬೆಟ್ಟಗಳು ಪೂರ್ವಿಕರ ಹಾಗೆ ಅನ್ನೋ ಕಾರಣಕ್ಕೆ ಮತ್ತೆ ಸೇರಿಸಿದ್ರು. ನಮ್ಮ ದೇಶದಲ್ಲಿ ಕಾಂಚನಜುಂಗಾ 2016ರಲ್ಲಿ ಎರಡೂ ಸೇರಿದ ಮಿಶ್ರ ತಾಣವಾಗಿ ಸೇರ್ತು, ಭಾರತದ ಮಟ್ಟಿಗೆ ಅದೇ ಮೊದಲು. ಹಾಗಾಗಿ ‘ಕಲ್ಚರ್ ಬೇರೆ ಡಿಪಾರ್ಟ್‌ಮೆಂಟು’ ಅಂದ ಆ ಹುಡುಗನಿಗೆ ಇದನ್ನ ಹೇಳಿ, ಪಾಪ ಅವನ ಕೋರ್ಸಲ್ಲಿ ಇರಲಿಲ್ಲವೋ ಏನೋ.

ಸಿಲ್ವರ್‌ಓಕ್_ಸಿನಿಕ್
ಚೆನ್ನಾಗಿದೆ ಎಲ್ಲ. ನಮ್ಮೂರ ಕತೆ ಕೇಳಿ. ಚೌಡಿ ಬನ ಇತ್ತು. ಊರವ್ರಿಗೆ ಭಕ್ತಿ ಹೆಚ್ಚಾಯ್ತು. ಬೆಂಗಳೂರಲ್ಲಿರೋರು ದುಡ್ಡು ಕಳ್ಸಿದ್ರು. ಜೀರ್ಣೋದ್ಧಾರ. ಮೊದಲು ಕಲ್ಲಿಗೆ ಒಂದು ಗೂಡು, ಆಮೇಲೆ ಶೀಟು, ಆಮೇಲೆ ಆರ್‌ಸಿಸಿ, ಆಮೇಲೆ ಇಂಟರ್‌ಲಾಕ್, ಪಾರ್ಕಿಂಗಿಗೆ ನಾಲ್ಕು ಹಲಸಿನ ಮರ ಹೋಯ್ತು, ಗೋಪುರಕ್ಕೆ ಬೇರು ಅಡ್ಡ ಅಂತ ಆ ದೊಡ್ಡ ಗೋಳಿ ಮರಾನೂ ಹೋಯ್ತು. ಈಗ ಚೌಡಮ್ಮ ಟೈಲ್ಸ್ ಮೇಲೆ ಕೂತಿದಾಳೆ, ಮರ ಒಂದೂ ಇಲ್ಲ. ಬೋರ್ಡಲ್ಲಿ ‘ಪುರಾತನ ದೇವರಬನ’ ಅಂತಿದೆ. ಹೆರಿಟೇಜ್ ಸೇರ್ಸಿ ಅಂತೀರಲ್ಲ, ಅದಕ್ಕೆ ಅನುದಾನ ಬಂದ್ರೆ ಮೊದಲು ಬರೋದು ಸಿಮೆಂಟ್ ಲಾರಿ.

ಚಂದ್ರದ್ರೋಣ
ಇದೇ ಕಾರಣಕ್ಕೆ ಪ್ಲಾನಲ್ಲಿ ಕಟ್ಟಡ ಬರೆಸಬಾರದು, ಕಟ್ಟುಪಾಡು ಬರೆಸಬೇಕು. ನಮ್ ಕಡೆ ಬಿಂಡಿಗ ದೇವಿರಮ್ಮನ ಬೆಟ್ಟ ನೋಡಿ, ವರ್ಷಕ್ಕೊಂದ್ಸಲ ದೀಪಾವಳಿ ಹೊತ್ತಲ್ಲಿ ಬರಿಗಾಲಲ್ಲಿ ಹತ್ತೋದು, ಸಾವಿರಾರು ಜನ, ಸೌದೆ ಹೊತ್ಕೊಂಡು ಹೋಗ್ತಾರೆ. ಉಳಿದ ದಿನ ಬೆಟ್ಟ ಬೆಟ್ಟದ ಪಾಡಿಗೆ. ಪಕ್ಕದ ಮುಳ್ಳಯ್ಯನಗಿರಿಗೆ ಆ ಕಟ್ಟು ಇಲ್ಲ, ಶನಿವಾರ ಭಾನುವಾರ ಹೋಗಿ ಟ್ರಾಫಿಕ್ ನೋಡ್ಕೊಂಡು ಬನ್ನಿ. 1,930 ಮೀಟರ್ ಎತ್ತರದಲ್ಲಿ ಹಾರ್ನ್ ಕೇಳ್ಸುತ್ತೆ. ಹಬ್ಬದ ದಿನದ ನೂಕುನುಗ್ಗಲಿಗೆ ದೇವಿರಮ್ಮನ ಬೆಟ್ಟದ ಮಣ್ಣೂ ಸವೀತಿದೆ, ಅದು ಬೇರೆ ಮಾತು. ಆದ್ರೂ ವರ್ಷಕ್ಕೊಮ್ಮೆ ಅನ್ನೋ ನಿಯಮ ಯಾವ ಟೂರಿಸಂ ಪಾಲಿಸಿಗಿಂತ ಗಟ್ಟಿ.

ಗಿರಿ_ಭಕ್ತ
ಗಿರಿ ಅಂದ್ಮೇಲೆ ಪೀಠದ ವಿಷ್ಯಾನೂ ಹೇಳ್ಬೇಕಲ್ಲ, ಅದು ಯಾರ ಪರಂಪರೆ ಅಂತ ಮೊದಲು

ಮಾಡರೇಟರ್
ಬೇಡ. ಆ ಮಾತು ಬಂದ್ರೆ ಏನಾಗುತ್ತೆ ಅಂತ ಹಳೇ ಸದಸ್ಯರಿಗೆಲ್ಲ ಗೊತ್ತು. ಥ್ರೆಡ್ ಲಾಕ್ ಮಾಡ್ಬೇಕಾಗುತ್ತೆ. ಬನ, ಕೆರೆ, ಕಾವಲಿಗೆ ವಾಪಸ್ ಬನ್ನಿ.

ಬಿಎಂಸಿ_ಅಕ್ಕ
ತಡವಾಗಿ ಬಂದೆ, ಕೊಯ್ಲು ಟೈಮು. ನಾನು ನಮ್ ಪಂಚಾಯ್ತಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಸದಸ್ಯೆ. ಕಾಫಿಕಣದವ್ರೇ, ನೀವು ಹೊಸದಾಗಿ ಏನೂ ಕಂಡುಹಿಡಿಯೋದು ಬೇಕಿಲ್ಲ. ಜೀವವೈವಿಧ್ಯ ಕಾಯ್ದೆ 2002ರ ಪ್ರಕಾರ ನಿಮ್ ಪಂಚಾಯ್ತೀಲೂ ಸಮಿತಿ ಇರಲೇಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಇರಲೇಬೇಕು. ಹೋಗಿ ಆ ಪುಸ್ತಕ ಕೇಳಿ. ಅದರ ನಮೂನೇಲಿ ಬರೀ ಗಿಡ ಮರ ಅಲ್ಲ, ಊರಿನ ಜನ, ಭೂದೃಶ್ಯ, ನೀರಿನ ನೆಲೆ ಎಲ್ಲಕ್ಕೂ ಹಾಳೆ ಇದೆ. ಏನ್ ಸಮಸ್ಯೆ ಅಂದ್ರೆ 2019ರಲ್ಲಿ ಹಸಿರು ನ್ಯಾಯಮಂಡಳಿ 2020 ಜನವರಿ 31ರೊಳಗೆ ಮುಗಿಸಿ, ಇಲ್ಲಾಂದ್ರೆ ತಿಂಗಳಿಗೆ 10 ಲಕ್ಷ ದಂಡ ಅಂತು, ಎಲ್ಲ ಕಡೆ ಗಡಿಬಿಡೀಲಿ ತುಂಬಿಸಿದ್ರು. ನಾನು ನೋಡಿದ ಒಂದು ದಾಖಲಾತೀಲಿ ಮಲೆನಾಡಿನ ಊರಿಗೆ ಬಯಲುಸೀಮೆ ಬೆಳೆ ಪಟ್ಟಿ ಇತ್ತು, ಪಕ್ಕದ ಜಿಲ್ಲೆಯಿಂದ ಕಾಪಿ ಹೊಡೆದಿದ್ರು. ಅದನ್ನ ತಿದ್ದಿಸೋ ಅಧಿಕಾರ ಗ್ರಾಮಸ್ಥರಿಗಿದೆ. ನೀವು ಬನ, ಗೋಮಾಳ, ಸುಗ್ಗಿ ನಿಯಮ ಎಲ್ಲ ಅಲ್ಲಿ ಸೇರಿಸಿ ನಡಾವಳಿ (ಸಭೆ ತೀರ್ಮಾನದ ದಾಖಲೆ) ಮಾಡಿಸಿ, ಆ ನಡಾವಳಿ ಪ್ರತಿ ಸಂಸ್ಥೆಯವ್ರಿಗೆ ಕೊಡಿ. ಆಗ ಅದು ಅಭಿಪ್ರಾಯ ಅಲ್ಲ, ದಾಖಲೆ.

ಘಾಟ್ ಅಣ್ಣನ ಭಯಕ್ಕೆ ಒಂದು ಮಾತು. ಎಲ್ಲ ಗುರುತೂ ಒಂದೇ ಥರ ಅಲ್ಲ. ವನ್ಯಜೀವಿ ಕಾಯ್ದೆಗೆ 2002ರ ತಿದ್ದುಪಡೀಲಿ ಸೇರಿದ 36ಸಿ ಕಲಂ ಓದಿ, ಸಮುದಾಯ ಮೀಸಲು. ಊರವ್ರು ತಾವಾಗಿ ಮುಂದೆ ಬಂದ್ರೆ ಮಾತ್ರ, ಖಾಸಗಿ ಅಥವಾ ಸಮುದಾಯದ ಜಾಗಕ್ಕೆ ಮಾತ್ರ. ಅದರ ಉದ್ದೇಶದಲ್ಲೇ ಪ್ರಾಣಿ, ಸಸ್ಯದ ಜೊತೆ ಸಾಂಪ್ರದಾಯಿಕ, ಸಾಂಸ್ಕೃತಿಕ ಸಂರಕ್ಷಣಾ ಮೌಲ್ಯ ಮತ್ತೆ ಆಚರಣೆ ಅಂತ ಇದೆ. ಮಂಡ್ಯದ ಕೊಕ್ಕರೆ ಬೆಳ್ಳೂರು ಹಾಗೇ ಆಗಿದ್ದು. ಇನ್ನೊಂದು ಜೀವವೈವಿಧ್ಯ ಪಾರಂಪರಿಕ ತಾಣ, ನಮ್ ಜಿಲ್ಲೇದೇ ಹೊಗರೇಕಾನು ಇದೆ, ದೇವನಹಳ್ಳಿ ಹತ್ರ ನಲ್ಲೂರು ಹುಣಸೆ ತೋಪು ಇದೆ. ನಲ್ಲೂರಿಗೆ 2007ರಲ್ಲಿ ಸಿಕ್ತು, ದೇಶಕ್ಕೇ ಮೊದಲನೇದು.

ಆದ್ರೆ ಎರಡು ಎಕರೆ ಬನಕ್ಕೆ ಇಷ್ಟೆಲ್ಲ ಘೋಷಣೆ ಬೇಡ ಅನ್ನೋದು ನನ್ ಅಭಿಪ್ರಾಯ. ನಡಾವಳಿ ಸಾಕು.

ಘಾಟ್_ಸಕಲೇಶಪುರ
36ಸಿ ಗೊತ್ತಿರಲಿಲ್ಲ ಅಕ್ಕ. ಓದ್ತೀನಿ. ನಂಬ್ತೀನಿ ಅಂತ ಹೇಳ್ತಿಲ್ಲ.

ಕಾಫಿಕಣ_ಮೂಡಿಗೆರೆ
ಅಪ್ಡೇಟ್. ಪಂಚಾಯ್ತೀಲಿ ದಾಖಲಾತಿ ಪುಸ್ತಕ ಕೇಳ್ದೆ, ಬೀರು ಮೇಲೆ ಗೋಣಿಚೀಲದ ಕೆಳಗಿತ್ತು. ಭೂದೃಶ್ಯದ ಹಾಳೆ ಖಾಲಿ. ಪೂರ್ತಿ ಖಾಲಿ, ನಂಗೆ ಖುಷಿನೇ ಆಯ್ತು, ತಪ್ಪು ತುಂಬಿಸಿರೋದಕ್ಕಿಂತ ವಾಸಿ.

ಈ ಭಾನುವಾರ ನಾವೇ ನಡೆದ್ವಿ. ಭಾನುವಾರ ಇಟ್ಟಿದ್ದು ಲೈನ್‌ಮನೆ ಮಗಳ ಮಾತು ಕೇಳಿ. ಎಸ್ಟೇಟ್ ಕೂಲಿಯವರ ಲೈನ್‌ಮನೆಗಳಿಂದ ಏಳು ಜನ ಬಂದ್ರು, ಹಾಸಲ ಬುಡಕಟ್ಟಿನವರ ಹಾಡಿಯಿಂದ ಒಬ್ಬ ಅಜ್ಜಿ, ಅವರ ಮೊಮ್ಮಗ. ನಾನು ಬನ ಒಂದೇ ಅಂದ್ಕೊಂಡಿದ್ದೆ. ಅಜ್ಜಿ ಹಳ್ಳದ ಮೇಲಕ್ಕೆ ಕರ್ಕೊಂಡು ಹೋಗಿ ಇನ್ನೂ ಮೂರು ಜಾಗ ತೋರ್ಸಿದ್ರು, ಒಂದು ನನ್ ತೋಟದೊಳಗೇ ಇದೆ, ಸಾಲು ಕಾಫಿ ಮಧ್ಯ ಒಂದು ಕಲ್ಲು, ನಾನು ಇಷ್ಟು ವರ್ಷ ಮರಗಸಿ (ನೆರಳು ಮರದ ಕೊಂಬೆ ಸವರೋದು) ಮಾಡೋವಾಗ ಅದರ ಮೇಲೆ ಕೂತ್ಕೊಂಡು ಊಟ ಮಾಡಿದೀನಿ. ಏನೂ ಹೇಳ್ಲಿಲ್ಲ ಅವ್ರು. ಸುಮ್ನೆ ನಕ್ಕರು.

ಈಗ ಹೊಸ ಸಮಸ್ಯೆ. ಎರಡು ಜಾಗ ಫೋನಲ್ಲಿ ಪಾಯಿಂಟ್ ಹಾಕೋಕೆ ಒಪ್ಪಿದ್ರು. ಮೂರನೇದಕ್ಕೆ ಬೇಡ ಅಂದ್ರು. ಕಾರಣ ಹೇಳಲ್ಲ ಅಂದ್ರು. ನಕ್ಷೇಲಿ ಹಾಕದೆ ಕಾಪಾಡೋದು ಹೇಗೆ, ಹಾಕಿದ್ರೆ ಅಜ್ಜಿ ಮಾತು ಮುರಿದ ಹಾಗೆ.

ನಿವೃತ್ತ_ಮೇಷ್ಟ್ರು_ಹಾಸನ
ಹಾಕಬೇಡಿ. ನಮ್ಮ ಜಿಲ್ಲೇಲಿ ನಿಧಿ ಆಸೆಗೆ ಎಷ್ಟು ಗುಡಿಗಳ ಬುಡ ಅಗೆದಿದಾರೆ ಅಂತ ಪೇಪರ್ ಓದೋರಿಗೆಲ್ಲ ಗೊತ್ತು. ಜಾಗದ ಬಿಂದು ಪಬ್ಲಿಕ್ ನಕ್ಷೇಲಿ ಹೋದ್ರೆ ಗುದ್ದಲಿಗೆ ಅಡ್ರೆಸ್ ಕೊಟ್ಟ ಹಾಗೆ.

ಬಿಎಂಸಿ_ಅಕ್ಕ
ಬಿಂದು ಬೇಡ, ಹಳ್ಳದ ಆ ಇಡೀ ಮೇಲ್ಭಾಗಕ್ಕೆ ದೊಡ್ಡ ಗೆರೆ ಎಳೆದು ‘ಇಲ್ಲಿ ಯಾವುದೇ ಕಾಮಗಾರಿಗೆ ಮುಂಚೆ ಊರವರನ್ನ ಕೇಳಬೇಕು’ ಅಂತ ಬರೆಸಿ. ಒಳಗೆ ಏನಿದೆ ಅಂತ ಬರೆಯೋ ಅಗತ್ಯ ಇಲ್ಲ. ದಾಖಲಾತೀಲೂ ಗುಟ್ಟಿನ ಮಾಹಿತಿ ಬೇರೆ ಇಡಬೋದು.

ಲೈನ್‌ಮನೆ_ಮಗಳು
ಅಜ್ಜಿ ಹೆಸರು ನಡಾವಳೀಲಿ ಬರ್ಬೇಕು. ‘ಸ್ಥಳೀಯರು ತಿಳಿಸಿದಂತೆ’ ಅಂತ ಬರೆದು ಮುಗಿಸ್ಬೇಡಿ. ಬೇಡ ಅಂತ ಅವ್ರೇ ಹೇಳಿದ್ರೆ ಮಾತ್ರ ಬಿಡಿ. ಮತ್ತೆ ಬನದ ಬೇಲಿ ವಿಷ್ಯ?

ಕಾಫಿಕಣ_ಮೂಡಿಗೆರೆ
ಭಾನುವಾರ ನಿಮ್ ಕಡೆಯವ್ರು ಬೇಲಿ ದಾಟಿ ಒಳಗೆ ಬಂದ್ರು. ಪೂಜೆ ಮಾಡೋ ಮನೆಯವರು ಸ್ವಲ್ಪ ಮುಖ ತಿರುಗಿಸಿದ್ರು. ಜಗಳ ಆಗ್ಲಿಲ್ಲ. ಸುಗ್ಗೀಲಿ ಏನಾಗುತ್ತೋ ನೋಡ್ಬೇಕು, ಈಗ್ಲೇ ಹೇಳಕ್ಕಾಗಲ್ಲ.

ಮುಂದಿನ ಭಾನುವಾರ ಬೋಳುಗುಡ್ಡದ ಕಡೆ ನಡೀತೀವಿ. ಕಾವಲು ಹುಡ್ಗ, ಬರ್ತೀರಾ? ಹುಲ್ಲಿನ ಹೆಸರು ಹೇಳೋರು ಬೇಕು, ನಮಗೆ ಎಲ್ಲಾ ಹುಲ್ಲೂ ಹುಲ್ಲೇ.

ಕಾವಲು_ಹುಡ್ಗ
ಬರ್ತೀನಿ. ಬೆಳಗಿನ ಬಸ್ಸಿಗೆ. ಇಂಬಳ (ಜಿಗಣೆ) ಇರುತ್ತಾ?

ಕಾಫಿಕಣ_ಮೂಡಿಗೆರೆ
ಗುಡ್ಡದ ಮೇಲೆ ಇಲ್ಲ, ಹಳ್ಳ ದಾಟೋವರೆಗೆ ಇದೆ. ಹೊಗೆಸೊಪ್ಪು ಸುಣ್ಣ ನಾನ್ ತಂದಿರ್ತೀನಿ, ಚಡ್ಡಿ ಹಾಕ್ಕೊಂಡು ಬರ್ಬೇಡಿ ಅಷ್ಟೇ.